ಘಟ್ಟದ ಕೆಳಗಿನ ನಮ್ಮ ಬಂದರು

ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಹೆಸರು ತಂದುಕೊಟ್ಟದ್ದು ಹುಣಸೆಯೇ ಅಲ್ಲದ ಮರ. ಆನೆಯ ಕಾಲನ್ನು ನೆನಪಿಸುವ ಬೊಡ್ಡೆ, ಬೂದು ತೊಗಟೆ, ಹಣ್ಣು ಒಡೆದರೆ ಒಳಗೆ ಹುಳಿಹುಳಿ ಹಿಟ್ಟು. ಊರವರು ನಾಲಿಗೆಯನ್ನು ನಂಬಿ ದೊಡ್ಡ ಹುಣಸೆ ಎಂದು ಕರೆದರು. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಅದು ಬಾವೋಬಾಬ್, ತವರು ಆಫ್ರಿಕಾ. ಮಠದ ಆವರಣದಲ್ಲಿದ್ದ ಮೂರು ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಸಮೇತ ಉರುಳಿತು. ಊರು ಅದನ್ನು ಸೌದೆ ಮಾಡಲಿಲ್ಲ. ಟೊಂಗೆ ಸವರಿ, ಕ್ರೇನ್ ತರಿಸಿ ಮತ್ತೆ ಎತ್ತಿ ನಿಲ್ಲಿಸಿತು.

ಅರಬ್ ವರ್ತಕರು ತಂದರೆಂದು ಕೆಲವರು, ಪೋರ್ಚುಗೀಸರ ಹಡಗಿನಲ್ಲಿ ಬಂತೆಂದು ಕೆಲವರು, ಕೃಷ್ಣನೇ ತಂದು ನೆಟ್ಟನೆಂದು ಊರ ಹಿರಿಯರು. ಯಾರ ಮಾತು ನಿಜವಾದರೂ ಆ ಬೀಜ ಕಡಲು ದಾಟಿ, ಪಡುವಣದ ಯಾವುದೋ ಬಂದರಿನಲ್ಲಿ ಇಳಿದು, ಘಟ್ಟ ಹತ್ತಿಯೇ ಬಂದಿರಬೇಕು. ಶಿಗ್ಗಾವಿಗೂ ಹಾನಗಲ್ಲಿಗೂ ಅಂಟಿಕೊಂಡಿರುವ ಮುಂಡಗೋಡ ತಾಲ್ಲೂಕಿನಲ್ಲಿ, ಅದರಾಚೆಯ ಯಲ್ಲಾಪುರ, ಹಳಿಯಾಳಗಳಲ್ಲಿ ಡಮಾಮಿ ಬಾರಿಸುವ ಸಿದ್ದಿಗಳ ಪೂರ್ವಿಕರೂ ಆಫ್ರಿಕಾದಿಂದ ಕಡಲ ದಾರಿಯಲ್ಲೇ ಬಂದವರು. ಅವರಲ್ಲಿ ಅನೇಕರು ಬಂದದ್ದು ಗುಲಾಮರಾಗಿ, ಗೋವೆಯ ಹಾದಿ ಹಿಡಿದು. ಕಡಲೇ ಕಾಣದ ಈ ಸೀಮೆಗೆ ಬಂದರಿನ ನಂಟು ಹೊಸದಲ್ಲ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಕಾಶೆಯಲ್ಲಿ ನಾಲ್ಕೂ ಬಯಲಿನ ತಾಲ್ಲೂಕುಗಳು. ಹಾನಗಲ್ಲಿನ ಪಡುವಣ ಅಂಚು ಮಾತ್ರ ಅರೆಮಲೆನಾಡು. ಭತ್ತ, ಗೋವಿನಜೋಳ, ಹತ್ತಿ, ಆಪೂಸು ಮಾವು, ವೀಳ್ಯದೆಲೆ ಇಲ್ಲಿಯ ಬದುಕು. ಇಲ್ಲಿ ನಿಂತು ‘ನಿಮ್ಮ ಬಂದರು ಯಾವುದು’ ಎಂದು ಕೇಳಿದರೆ ಯಾರಾದರೂ ನಕ್ಕಾರು. ಆದರೆ ಹಾನಗಲ್ಲಿನಿಂದ ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟಾ ನೂರು ಕಿಲೋಮೀಟರಿನ ಆಸುಪಾಸು. ಶಿಗ್ಗಾವಿಯಿಂದ ಮುಂಡಗೋಡ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿದರೆ ಕಾರವಾರ. ಬೆಳಗಿನ ಉಪಾಹಾರ ಇಲ್ಲಿ ಮಾಡಿ ಹೊರಟವರು ಮಧ್ಯಾಹ್ನ ಮೀನೂಟಕ್ಕೆ ಅಲ್ಲಿರುತ್ತಾರೆ.

ಹತ್ತಿಯ ಚಕ್ಕಡಿಗಳಿಗೆ ಅದೇ ದಾರಿ ಹಲವು ದಿನಗಳದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ (ಈ ನಾಲ್ಕು ತಾಲ್ಲೂಕುಗಳು ಆಗ ಅದರ ಭಾಗ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ) ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಾಯಿಹಡಗು ಏರಿ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ಎರೆಭೂಮಿಯಲ್ಲಿ, ಹೆಸರು ಪಡೆದದ್ದು ಒಂದು ಗಿಡವನ್ನೂ ಬೆಳೆಯದ ಬಂದರು. ಮುಂಬೈ ಪೇಟೆಯಲ್ಲಿ ಈ ನಾಡಹತ್ತಿಯನ್ನು ‘ಕುಂಪ್ಟಾ’ ಎಂದೇ ಕೂಗಿ ಮಾರುತ್ತಿದ್ದರು. ನಮ್ಮ ಅಜ್ಜಂದಿರು ಬಿತ್ತಿದ ಜಯಧರ ಹತ್ತಿ ಕೂಡ ಅದೇ ಕುಲದ್ದು. ಬಂದರು ಮಂಕಾಗಿ ಎಷ್ಟೋ ಕಾಲವಾದ ಮೇಲೂ ಹತ್ತಿಯ ಹೆಸರಿನಲ್ಲಿ ಅದು ಉಳಿದುಕೊಂಡಿತು.

ಅಮೆರಿಕದ ಅಂತರ್ಯುದ್ಧ (1861–65) ಶುರುವಾದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು. ಅವರ ಕಣ್ಣು ಧಾರವಾಡದ ಮೇಲೆ ಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಇದ್ದದ್ದೂ ಹತ್ತಿಯೇ: ಬೆಳೆಯುವ ನೆಲ ಒಬ್ಬರ ಕೈಯಲ್ಲಿ, ಸಾಗಿಸುವ ಬಂದರು ಇನ್ನೊಬ್ಬರ ಕೈಯಲ್ಲಿ ಇದ್ದರೆ ವ್ಯಾಪಾರ ನಡೆಯದು ಎಂಬ ಲೆಕ್ಕಾಚಾರ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೇರಿಸಿ, ಕಾಳಿ ನದಿಯ ಅಳಿವೆಯಲ್ಲಿರುವ ಸದಾಶಿವಗಡಕ್ಕೆ ತಂದಿಳಿಸಿತು. ಯಂತ್ರ ಬಂತು, ರಸ್ತೆ ಬರಲಿಲ್ಲ. ಘಟ್ಟದ ದಾರಿ ಅರ್ಧಂಬರ್ಧ ಆಗಿತ್ತು. ಕಬ್ಬಿಣದ ಆ ಭಾರವನ್ನು ಮೇಲೆ ಸಾಗಿಸುವ ಬಗೆ ಕಾಣದೆ ಸರಕು ದಂಡೆಯಲ್ಲೇ ಬಿದ್ದುಕೊಂಡಿತು. ಕಾರವಾರ ಬಂದರಿನ ಮುಂದಿನ ಕಥೆಯೆಲ್ಲ ಈ ಒಂದು ಪ್ರಸಂಗದಲ್ಲೇ ಅಡಗಿದೆ.

ಈ ಬಂದರಿನ ವ್ಯಾಪಾರಕ್ಕೆ ಅದಕ್ಕಿಂತಲೂ ಹಳೆಯ ಬೇರಿದೆ. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. ಮೆಣಸು ಒಂದು ಸೆಳೆತ, ತೆಳು ಮಸ್ಲಿನ್ ಬಟ್ಟೆ ಇನ್ನೊಂದು. ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ ಐವತ್ತು ಸಾವಿರದಷ್ಟು ನೇಕಾರರು ಈ ಕೋಠಿಗಾಗಿ ನೇಯುತ್ತಿದ್ದರೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಸಂಖ್ಯೆಯನ್ನು ಕೊಂಚ ಅನುಮಾನದಿಂದಲೇ ಓದಬೇಕು. ಆದರೆ ದಿಕ್ಕು ಸ್ಪಷ್ಟ: ಬಯಲಲ್ಲಿ ನೇಯ್ದದ್ದು ಕರಾವಳಿಯಲ್ಲಿ ಹಡಗು ಏರುತ್ತಿತ್ತು.

ಇಂದಿನ ಬಂದರು ಇರುವುದು ಕಾರವಾರ ಪೇಟೆಯ ದಕ್ಷಿಣ ತುದಿಯ ಬೈತಖೋಲದಲ್ಲಿ. ಟ್ಯಾಗೋರ್ ಕಡಲತೀರದ ಮರಳಿನಲ್ಲಿ ನಿಂತರೆ ಎಡಗಡೆ ಗುಡ್ಡದ ಮಡಿಲಲ್ಲಿ ಹಡಗಿನ ಕೆಂಪು ಹೊಟ್ಟೆ, ಬಿಳಿಯ ದುಂಡು ಟ್ಯಾಂಕುಗಳು, ಮೀನುಗಾರರ ಬೋಟುಗಳ ಬಣ್ಣದ ಸಾಲು ಒಟ್ಟಿಗೇ ಕಾಣುತ್ತವೆ. ಪಶ್ಚಿಮಕ್ಕೆ ಕೂರ್ಮಗಡ, ದೇವಗಡ, ಮದ್ಲಿಂಗಡ, ತುಸು ದೂರದಲ್ಲಿ ವಾಸ್ಕೋ ಡ ಗಾಮ 1498ರಲ್ಲಿ ತಂಗಿದ್ದ ಅಂಜದೀವ. ಗುಡ್ಡ ಒಂದು ಕಡೆ, ನಡುಗಡ್ಡೆಗಳು ಇನ್ನೊಂದು ಕಡೆ ನಿಂತು ಮಳೆಗಾಲದ ಅಲೆಯನ್ನು ಮುರಿಯುತ್ತವೆ. ರಾಜ್ಯದ ಉಳಿದ ಸಣ್ಣ ಬಂದರುಗಳೆಲ್ಲ ಜೂನ್ ಬಂದರೆ ಬಾಗಿಲು ಹಾಕುವಾಗ ಇದಕ್ಕೆ ಸರ್ವಋತು ಬಂದರು ಎಂಬ ಬಿರುದು ಇರುವುದು ಈ ಕಾರಣಕ್ಕೆ. ಮಂಗಳೂರಿನ ಪಣಂಬೂರಿನಲ್ಲಿ ನೆಲ ತೋಡಿ ಕೆರೆಯಂತೆ ಮಾಡಿ ಕಡಲನ್ನು ಒಳಗೆ ಕರೆಯಬೇಕಾಯಿತು. ಇಲ್ಲಿ ಪ್ರಕೃತಿ ಅರ್ಧ ಕೆಲಸವನ್ನು ತಾನೇ ಮುಗಿಸಿಟ್ಟಿದೆ.

ಬಂದರಿನ ಆಡಳಿತ ರಾಜ್ಯ ಸರ್ಕಾರದ್ದು. ನೋಡಿಕೊಳ್ಳುವುದು ಕರ್ನಾಟಕ ಜಲಸಾರಿಗೆ ಮಂಡಳಿ. ಜೆಟ್ಟಿಯ ಉದ್ದ 355 ಮೀಟರ್. ದೊಡ್ಡ ಹಡಗು ಎರಡು ನಿಂತರೆ ಜಾಗ ಮುಗಿಯಿತು. ನೀರಿನ ಆಳ ಸುಮಾರು ಎಂಟೂವರೆ ಮೀಟರ್. ಹೂಳು ತೆಗೆಯುತ್ತಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಗೋದಾಮುಗಳು, ಸರಕು ರಾಶಿ ಹಾಕುವ ಬಯಲು, ದ್ರವ ಸರಕಿನ ಟ್ಯಾಂಕುಗಳು, ಕಸ್ಟಮ್ಸ್ ಕಚೇರಿ, ಇಷ್ಟೇ ಸಂಸಾರ. ಕಂಟೇನರುಗಳನ್ನು ಮಹಡಿಯಂತೆ ಪೇರಿಸುವ ದೈತ್ಯ ಕ್ರೇನುಗಳನ್ನು ನೋಡಲೆಂದು ಬಂದವರಿಗೆ ನಿರಾಸೆ ಕಾದಿದೆ.

ಕೆಲಸ ನೋಡಬೇಕೆಂದರೆ ಡಾಂಬರಿನ ಹಡಗು ಬಂದ ದಿನ ನೋಡಬೇಕು. ಹಡಗು ಮೊದಲು ಹೊರಗೆ ಲಂಗರು ಹಾಕಿ ಕಾಯುತ್ತದೆ. ಏಜೆಂಟರ ಕಾಗದಪತ್ರ ಮುಗಿದು, ಉಬ್ಬರದ ಹೊತ್ತು ಕೂಡಿಬಂದ ಮೇಲೆ ಬಂದರಿನ ಪೈಲಟ್ ದೋಣಿಯಲ್ಲಿ ಹೋಗಿ ಹಗ್ಗದ ಏಣಿ ಹತ್ತುತ್ತಾನೆ. ಈ ಪೈಲಟ್ ವಿಮಾನದವನಲ್ಲ. ಇಲ್ಲಿಯ ಆಳ, ಸೆಳೆತ, ಬಂಡೆಗಳೆಲ್ಲ ಬಾಯಿಪಾಠವಾಗಿರುವ ದಾರಿಗಾರ. ಮುಂದೆ ಟಗ್ ದೋಣಿ ಹಡಗನ್ನು ತಳ್ಳಿ ಜೆಟ್ಟಿಗೆ ಒರಗಿಸುತ್ತದೆ. ತೋಳು ಗಾತ್ರದ ಹಗ್ಗಗಳನ್ನು ದಂಡೆಯ ಕಬ್ಬಿಣದ ಗೂಟಗಳಿಗೆ ಬಿಗಿದ ಮೇಲೆ ಪೈಪು ಜೋಡಿಸುತ್ತಾರೆ.

ಡಾಂಬರು ತಣ್ಣಗಾದರೆ ಕಲ್ಲು. ಹಾಗಾಗಿ ಹಡಗಿನಲ್ಲೂ ಪೈಪಿನಲ್ಲೂ ದಂಡೆಯ ಟ್ಯಾಂಕಿನಲ್ಲೂ ಅದನ್ನು ನೂರೈವತ್ತು ಡಿಗ್ರಿ ಆಸುಪಾಸಿನ ಬಿಸಿಯಲ್ಲೇ ಇಡಬೇಕು. ಪೈಪಿಗೆ ದಪ್ಪ ಹೊದಿಕೆ, ಟ್ಯಾಂಕಿನ ಒಳಗೆ ಕಾಯಿಸುವ ಕೊಳವೆ. ಟ್ಯಾಂಕಿನಿಂದ ಲಾರಿಗೆ ತುಂಬುವಾಗ ಬಾಯಿಯಿಂದ ನೀಲಿ ಹೊಗೆ ಏಳುತ್ತದೆ, ಕೈಗವಸು ಹಾಕಿದ ಕ್ಲೀನರ್ ಮುಖ ಆಚೆ ತಿರುಗಿಸಿಕೊಂಡು ಮುಚ್ಚಳ ಬಿಗಿಯುತ್ತಾನೆ. ಲಾರಿ ಬಿಸಿ ಆರುವ ಮೊದಲು ಘಟ್ಟ ಹತ್ತಿ ಹುಬ್ಬಳ್ಳಿಯ ದಿಕ್ಕಿಗೆ ಹೊರಡಬೇಕು. ಹಾನಗಲ್ಲಿನ ಯಾವುದೋ ಹಳ್ಳಿರಸ್ತೆಗೆ ಕಳೆದ ಬೇಸಿಗೆಯಲ್ಲಿ ಬಿದ್ದ ಡಾಂಬರಿನಲ್ಲಿ ಬೈತಖೋಲದ ಪಾಲೂ ಇದ್ದೀತು. ಡಾಂಬರಿನ ಜೊತೆಗೆ ಫರ್ನೇಸ್ ಎಣ್ಣೆ, ಸಕ್ಕರೆ ಕಾರ್ಖಾನೆಗಳ ಕಾಕಂಬಿ, ರಾಸಾಯನಿಕ ದ್ರವಗಳೂ ಇಲ್ಲಿ ಇಳಿದಿವೆ, ಏರಿವೆ.

ಇದೇ ಜೆಟ್ಟಿ ಒಮ್ಮೆ ಕೆಂಪಾಗಿತ್ತು. ಬಳ್ಳಾರಿ, ಹೊಸಪೇಟೆಯ ಅದಿರು ಹಗಲಿರುಳೆನ್ನದೆ ಲಾರಿಗಳಲ್ಲಿ ಬಂದು ಚೀನಾದ ಹಾದಿ ಹಿಡಿಯುತ್ತಿದ್ದ ಕಾಲವದು. ಮನೆಯ ಹಂಚು, ತೆಂಗಿನ ಗರಿ, ಒಗೆದು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಧೂಳು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು. ಪಕ್ಕದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಲಕ್ಷಗಟ್ಟಲೆ ಟನ್ ಕಾಣೆಯಾದದ್ದು ಲೋಕಾಯುಕ್ತ ವರದಿ ಓದಿದವರಿಗೆಲ್ಲ ಗೊತ್ತು. ಅದಿರು ನಿಂತ ಮೇಲೆ ಧೂಳೂ ಹೋಯಿತು, ವರಮಾನವೂ ಹೋಯಿತು.

ಬಂದರನ್ನು ಹಿಗ್ಗಿಸುವ ಯೋಜನೆ ಕೇಂದ್ರ ಸರ್ಕಾರದ ಸಾಗರಮಾಲಾ ಹೆಸರಿನಲ್ಲಿ ಬಂದದ್ದು ಆಮೇಲೆ. ಅಲೆ ತಡೆಗೋಡೆಯನ್ನು ಟ್ಯಾಗೋರ್ ತೀರದತ್ತ ಕಟ್ಟಲು ಹೊರಟಾಗ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ಹೈಕೋರ್ಟ್ ಕೆಲಸಕ್ಕೆ ತಡೆ ಕೊಟ್ಟಿತು. ಅವರ ಹಟಕ್ಕೆ ಕಾರಣ ಇತ್ತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ನಡುವಿನ ಹಲವು ತೀರಗಳನ್ನು ಈ ಜನ ಆಗಲೇ ಬಿಟ್ಟುಕೊಟ್ಟಿದ್ದರು. ಅರಗದ ಐಎನ್‌ಎಸ್ ಕದಂಬ 2005ರಿಂದ ಅಲ್ಲಿದೆ. ಹಡಗನ್ನೇ ನೀರಿನಿಂದ ಎತ್ತುವ ಹತ್ತು ಸಾವಿರ ಟನ್ ಸಾಮರ್ಥ್ಯದ ಲಿಫ್ಟ್ ಕೂಡ ಇದೆ. ಪೇಟೆಗೆ, ಬಲೆ ಒಣಗಿಸುವುದಕ್ಕೆ, ದಡದಿಂದ ಏಂಡಿ ಬಲೆ ಎಳೆಯುವುದಕ್ಕೆ ಉಳಿದ ದೊಡ್ಡ ಮರಳದಂಡೆ ಟ್ಯಾಗೋರ್ ತೀರ ಒಂದೇ. ಬಯಲುಸೀಮೆಯವರಿಗೆ ಬಂದರು ದೊಡ್ಡದಾಗಲಿ ಅನ್ನಿಸುವುದು ಸುಲಭ. ದಂಡೆ ಕಳೆದುಕೊಳ್ಳುವವರು ಅವರಲ್ಲ.

ಜೆಟ್ಟಿ ಉದ್ದವಾದರೂ ಅದಕ್ಕೆ ಸರಕು ಬರುವುದು ಯಾವ ದಾರಿಯಲ್ಲಿ ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಬ್ರಿಟಿಷರು ಹುಬ್ಬಳ್ಳಿ–ಕಾರವಾರ ರೈಲಿನ ಬಗ್ಗೆ ವರ್ಷಗಟ್ಟಲೆ ಚರ್ಚಿಸಿ, ಕೊನೆಗೆ 1878ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡು ಮರ್ಮಗೋವೆಯನ್ನು ಆರಿಸಿಕೊಂಡರು. ಕ್ಯಾಸಲ್‌ರಾಕ್ ಘಟ್ಟದಲ್ಲಿ ರೈಲು ಓಡತೊಡಗಿದ ಮೇಲೆ ಕುಮಟಾದ ಹತ್ತಿಯೂ ಕಾರವಾರದ ಕನಸೂ ಒಟ್ಟಿಗೇ ಬಾಡಿದವು. ಸ್ವಾತಂತ್ರ್ಯದ ನಂತರ, 1990ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಉದ್ದ ಸುಮಾರು 164 ಕಿ.ಮೀ. ಅದರಲ್ಲಿ ಬಹುಪಾಲು ದಟ್ಟ ಕಾಡು, ಹುಲಿ ಆನೆಗಳ ಓಡಾಟದ ನೆಲ. ಅರಣ್ಯ ಅನುಮತಿ, ನ್ಯಾಯಾಲಯ, ಸಮಿತಿ, ಮರುಸಮೀಕ್ಷೆ ಎಂದು ಕಡತವೇ ಕಾಡಿನಷ್ಟು ದಟ್ಟವಾಗಿದೆ. ಕೊಂಕಣ ರೈಲು 1998ರಿಂದ ಕಾರವಾರದ ಶಿರವಾಡಕ್ಕೆ ಬರುತ್ತದೆ ನಿಜ, ಆದರೆ ಅದು ಕರಾವಳಿಯ ಉದ್ದಕ್ಕೆ ಓಡುವ ರೈಲು. ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವುದಿಲ್ಲ.

ಸವಣೂರಿನ ಮರದ ತವರಿನ ಕಡೆ ಒಮ್ಮೆ ತಿರುಗಿ ನೋಡಿದರೆ ಇದಕ್ಕೆ ತದ್ವಿರುದ್ಧ ಚಿತ್ರ. ಕೆನ್ಯಾದ ಮೊಂಬಾಸಾದಲ್ಲಿರುವ ಬಂದರಿನ ಹೆಸರು ಕಿಲಿಂದಿನಿ; ಸ್ವಾಹಿಲಿಯಲ್ಲಿ ಆಳವಾದ ಜಾಗ ಎಂದರ್ಥ. ಅಲ್ಲಿಂದ 1896ರಲ್ಲಿ ಶುರುವಾದ ರೈಲುಮಾರ್ಗ 1901ರ ಹೊತ್ತಿಗೆ ವಿಕ್ಟೋರಿಯಾ ಸರೋವರ ಮುಟ್ಟಿತು. ಅದನ್ನು ಹಾಕಲು ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಭಾರತದಿಂದ ಕರೆದೊಯ್ದಿದ್ದರು. ಸತ್ತವರ, ಅಂಗವಿಕಲರಾದವರ ಲೆಕ್ಕ ಸಾವಿರಗಳಲ್ಲಿದೆ. 2017ರಲ್ಲಿ ನೈರೋಬಿಗೆ ಹೊಸ ಸ್ಟ್ಯಾಂಡರ್ಡ್ ಗೇಜ್ ಹಳಿ ಬಂತು. ಕಂಟೇನರುಗಳು ಹಡಗಿನಿಂದ ರೈಲಿಗೇರಿ ಒಳನಾಡಿನ ಡಿಪೋದಲ್ಲಿ ಇಳಿಯುತ್ತವೆ. ಕಡಲಿಲ್ಲದ ಉಗಾಂಡಾ, ರುವಾಂಡಾದ ವ್ಯಾಪಾರಕ್ಕೂ ಅದೇ ಬಾಗಿಲು. ಪ್ರಕೃತಿ ಕೊಟ್ಟ ಬಂದರು ಕಾರವಾರಕ್ಕೂ ಇದೆ. ಘಟ್ಟ ಹತ್ತುವ ಹಳಿ ಇಲ್ಲ.

ಆ ಹಳಿ ಇಲ್ಲದ ಊರಿಗೆ ರಸ್ತೆಯೇ ಗತಿ, ರಸ್ತೆಗೆ ಮಳೆಯೇ ವೈರಿ. 2021ರ ಜುಲೈನಲ್ಲಿ ಅರಬೈಲ್ ಘಟ್ಟದ ಆಸುಪಾಸು ಗುಡ್ಡಗಳು ಜಾರಿದವು, ಗುಳ್ಳಾಪುರದಲ್ಲಿ ಗಂಗಾವಳಿ ನದಿಯ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಚಹಾ ಅಂಗಡಿ, ಲಾರಿ, ಜನ ಎಲ್ಲವೂ ಮಣ್ಣುಪಾಲಾದವು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ನದಿಗೆ ಬಿತ್ತು. ಚಾಲಕ ಬದುಕಿದ್ದು ಅದೃಷ್ಟ. ಕುಮಟಾ–ಶಿರಸಿ–ಹಾವೇರಿ ರಸ್ತೆಯನ್ನು ಹೆದ್ದಾರಿಯಾಗಿ ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡದ್ದೂ ಬಂದರುಗಳ ನೆಪದಲ್ಲೇ. ಹಾನಗಲ್ಲಿನ ಮಾವು, ಹಿರೇಕೆರೂರಿನ ಗೋವಿನಜೋಳ ಹಳೆಯ ಹತ್ತಿಯ ದಾರಿಯಲ್ಲಿ ಮತ್ತೆ ಪಡುವಣಕ್ಕೆ ಇಳಿಯಬೇಕಾದರೆ ದೇವಿಮನೆ ಘಟ್ಟ ಮಳೆಗಾಲದಲ್ಲೂ ತೆರೆದಿರಬೇಕು. ಬಂದರಿಗೆ ಸರ್ವಋತು ಬಿರುದು ಇದೆ. ಅಲ್ಲಿಗೆ ಹೋಗುವ ರಸ್ತೆಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ನೋಡಲು ಹೋಗುವವರು ಅಕ್ಟೋಬರ್ ನಂತರ ಹೊರಡುವುದು ಒಳ್ಳೆಯದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೈತಖೋಲದಲ್ಲಿ ಬೋಟುಗಳು ಕಟ್ಟಿಹಾಕಿದ ದನಗಳಂತೆ ಸುಮ್ಮನೆ ನಿಂತಿರುತ್ತವೆ. ಜೆಟ್ಟಿಯೊಳಗೆ ಕಾಲಿಡಲು ಅನುಮತಿ ಬೇಕು. ಮೀನುಗಾರಿಕೆ ಬಂದರಿಗೆ ಬೆಳಗಿನ ಜಾವ ಹೋದರೆ ಬಂಗುಡೆಯ ಬುಟ್ಟಿಗಳ ನಡುವೆ ನಿಂತೇ ಪಕ್ಕದ ಜೆಟ್ಟಿಯ ಹಡಗನ್ನು ಕಣ್ತುಂಬ ನೋಡಬಹುದು, ಅದಕ್ಕೆ ಯಾರೂ ಚೀಟಿ ಕೇಳುವುದಿಲ್ಲ.