ಗೇಮ್ ಮಾಡ್ ಡೌನ್‌ಲೋಡ್: ಕುತಂತ್ರಾಂಶದ ಬಗ್ಗೆ ಎಚ್ಚರವಿರಲಿ

ಕಂಪ್ಯೂಟರ್ ಆಟಕ್ಕೆ ಹೊಸ ರೂಪ ನೀಡಲು ಆಟಗಾರರೇ ಸಿದ್ಧಪಡಿಸುವ ಹೆಚ್ಚುವರಿ ತಂತ್ರಾಂಶವೇ ‘ಮಾಡ್’. ಅದು ಪ್ರಸಿದ್ಧ ತಾಣದಲ್ಲಿದ್ದ ಮಾತ್ರಕ್ಕೆ ಸುರಕ್ಷಿತವೆನ್ನಲಾಗದು.

2023ರ ಜೂನ್‌ನಲ್ಲಿ ‘ಮೈನ್‌ಕ್ರಾಫ್ಟ್’ ಮಾಡ್‌ಗಳ ಪ್ರಮುಖ ತಾಣವಾದ ಕರ್ಸ್‌ಫೋರ್ಜ್‌ನಲ್ಲೇ ‘ಫ್ರಾಕ್ಚರೈಸರ್’ ಎಂಬ ಕುತಂತ್ರಾಂಶ ಪತ್ತೆಯಾಗಿತ್ತು. ಬ್ರೌಸರ್‌ನಲ್ಲಿದ್ದ ಲಾಗಿನ್ ವಿವರ, ಡಿಸ್ಕಾರ್ಡ್ ಹಾಗೂ ಮೈಕ್ರೋಸಾಫ್ಟ್ ಖಾತೆಗಳ ಮಾಹಿತಿಯನ್ನು ಕದಿಯುವುದರ ಜೊತೆಗೆ, ಅದು ಕಂಪ್ಯೂಟರ್‌ನ ಇತರ ‘ಜಾರ್’ ಕಡತಗಳಿಗೂ ಹರಡುತ್ತಿತ್ತು.

ಇಂಥ ಮಾಡ್ ಸಹ ಒಂದು ಪ್ರೋಗ್ರಾಂ. ಚಾಲನೆಗೊಂಡೊಡನೆ ಬಳಕೆದಾರರ ಕಡತಗಳು ಅದಕ್ಕೆ ಎಟುಕುತ್ತವೆ. ಮಕ್ಕಳು ಆಡುವ ಕಂಪ್ಯೂಟರ್‌ನಲ್ಲೇ ಹಿರಿಯರ ಬ್ಯಾಂಕ್ ವ್ಯವಹಾರವೂ ನಡೆಯುವ ಮನೆಗಳಲ್ಲಿ ಅಪಾಯ ಹೆಚ್ಚು.

ಅಪರಿಚಿತ ಖಾತೆಯ ಹೊಸ ಮಾಡನ್ನು ಕೆಲದಿನ ಕಾದು ಬಳಸುವುದು ಲೇಸು. ಆಂಟಿವೈರಸ್ ಸ್ಥಗಿತಗೊಳಿಸಲು ಸೂಚಿಸುವ ಮಾಡ್ ಬೇಡವೇ ಬೇಡ. ಶಂಕೆ ಮೂಡಿದರೆ ಮಾಡ್ ಅಳಿಸಿದರಷ್ಟೇ ಸಾಲದು. ಸೋಂಕಿಲ್ಲದ ಮತ್ತೊಂದು ಕಂಪ್ಯೂಟರ್‌ನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು.