ಮೀಟರ್ ಮೇಲೆ ಇಪ್ಪತ್ತು: ಇಪ್ಪತ್ತೇಳರಲ್ಲಿ ಮತ್ತೆ ಬೀಜಗಣಿತ

ರಾತ್ರಿ ಹತ್ತೂವರೆ. ಮಾನ್ಯತಾ ಟೆಕ್ ಪಾರ್ಕಿನಿಂದ ಶಿಫ್ಟ್ ಮುಗಿಸಿ ಕೆಂಪಾಪುರದ ಪಿಜಿಗೆ ಬಂದು, ತಣ್ಣಗಾಗಿದ್ದ ಚಿತ್ರಾನ್ನ ತಿಂದು, ನೋಟ್‌ಬುಕ್ ತೆಗೆದಿದ್ದೆ. ಎದುರಿಗಿದ್ದ ಲೆಕ್ಕ ಇಷ್ಟೇ: 5 − (ಎಕ್ಸ್ − 3). ನಾನು ಬರೆದ ಉತ್ತರ 2 − ಎಕ್ಸ್. ಪುಸ್ತಕದ ಕೊನೇ ಪುಟದಲ್ಲಿದ್ದದ್ದು 8 − ಎಕ್ಸ್. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು. ಪುಸ್ತಕದಲ್ಲೇ ತಪ್ಪಿರಬೇಕು ಅಂದ್ಕೊಂಡು ಮಲಗಿದೆ.

ಬೆಳಿಗ್ಗೆ ಪಿಜಿ ಆಂಟಿಯ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ನೋಟ್‌ಬುಕ್ಕಿಗೆ ಇಣುಕಿ ಹೇಳಿದ: "ಅಕ್ಕಾ, ಬ್ರಾಕೆಟ್ ಹೊರಗಿರೋ ಮೈನಸ್ಸು ಒಳಗಿರೋ ಇಬ್ಬರಿಗೂ ಸೇರಬೇಕು. ನೀವು ಒಬ್ಬರಿಗೇ ಕೊಟ್ಟಿದೀರ."

ನನಗೆ ಇಪ್ಪತ್ತೇಳು. ಬಿಕಾಂ ಫಸ್ಟ್ ಕ್ಲಾಸ್. ದಿನಾ ಲಕ್ಷಗಟ್ಟಲೆ ರೂಪಾಯಿಯ ಇನ್‌ವಾಯ್ಸ್‌ಗಳನ್ನ ತಾಳೆ ನೋಡೋದೇ ನನ್ನ ಕೆಲಸ. ಆವತ್ತು ಕ್ಯಾಬಿನಲ್ಲಿ ಕೂತು ಆಫೀಸ್ ತಲುಪೋವರೆಗೂ ಯಾರ ಜೊತೇನೂ ಮಾತಾಡಲಿಲ್ಲ.

ಈಗ ಯಾಕೆ ಬೇಕಿತ್ತು?

ನಾವು ಕೈಯಲ್ಲಿ ಮಾಡ್ತಿದ್ದ ತಾಳೆ ಕೆಲಸವನ್ನ ಈಗ ಸಾಫ್ಟ್‌ವೇರ್ ಮಾಡುತ್ತೆ. ಉಳಿಯಬೇಕಾದರೆ ಡೇಟಾ ಕಡೆ ಹೋಗಬೇಕು ಅಂತ ಗೊತ್ತಾಗಿತ್ತು. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೆ ಸೇರೋಕೆ ಜೆಇಇ ಬೇಡ. ಪಿಯುಸಿಯಲ್ಲಿ ವಿಜ್ಞಾನವೇ ಓದಿರಬೇಕು ಅಂತಲೂ ಇಲ್ಲ. ನಾಲ್ಕು ವಾರ ಪಾಠ ಕೇಳಿ, ಅಸೈನ್‌ಮೆಂಟ್ ಮಾಡಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಕ್ವಾಲಿಫೈಯರ್ ಬರೆದು ಪಾಸಾಗಬೇಕು. ಅದರ ಗಣಿತ ಭಾಗದಲ್ಲಿರೋದು ಗಣಗಳು, ಫಂಕ್ಷನ್‌ಗಳು, ಸರಳರೇಖೆ, ವರ್ಗ ಸಮೀಕರಣ, ಬಹುಪದೋಕ್ತಿ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಇದನ್ನೇ ಪ್ರಿಕ್ಯಾಲ್ಕುಲಸ್ ಅಂತ ಕಲಿಸ್ತಾರೆ. ಹಗಲು ದುಡಿದು ಸಂಜೆ ಕ್ಲಾಸಿಗೆ ಹೋಗೋ ದೊಡ್ಡವರು ಅಲ್ಲಿ ಸಾಮಾನ್ಯ. ನಮ್ಮಲ್ಲಿ ಗಣಿತ ಬಿಟ್ಟ ಮೇಲೆ ಮತ್ತೆ ಹಿಡಿಯೋಕೆ ಅಂಥ ಹತ್ತಿರದ ಜಾಗ ಕಡಿಮೆ. ಹಾಗಾಗಿ ಕೆಂಪಾಪುರದ ನನ್ನ ಮಂಚವೇ ನನ್ನ ಕಾಲೇಜಾಯ್ತು.

ಮೊದಲ ಸಲ ಆಗಲಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ. ಹೇಳಿದ್ದರೆ "ಸಾಕು ಬಿಡೇ, ಓದಿದ್ದು" ಅಂತಿದ್ದರು. ಆಮೇಲೆ ಮದುವೆ ವಿಷಯ ಬರ್ತಿತ್ತು.

ಕೆಂಪು ಪೆನ್ನು ಹೇಳಿದ್ದು

ತಪ್ಪಾದ ಲೆಕ್ಕಗಳನ್ನೆಲ್ಲ ಮತ್ತೆ ತೆಗೆದು, ಪ್ರತಿಯೊಂದರ ಪಕ್ಕ ಕೆಂಪು ಪೆನ್ನಲ್ಲಿ ಕಾರಣ ಬರೆದೆ. ವರ್ಗ ಸಮೀಕರಣ ಅರ್ಥವಾಗದೆ ತಪ್ಪಾದದ್ದು ಒಂದೋ ಎರಡೋ. ಉಳಿದವೆಲ್ಲ ಮೈನಸ್ ಚಿಹ್ನೆ, ಭಿನ್ನರಾಶಿ, ಇಲ್ಲವೇ (3 + 4)ರ ವರ್ಗ ಅಂದರೆ 9 + 16 ಅಂತ ಬರೆಯೋ ಅಭ್ಯಾಸ. ಏಳರ ವರ್ಗ ನಲವತ್ತೊಂಬತ್ತು, ಇಪ್ಪತ್ತೈದಲ್ಲ ಅಂತ ನನಗೂ ಗೊತ್ತು. ಆದರೆ ಅಂಕಿಯ ಜಾಗಕ್ಕೆ ಅಕ್ಷರ ಬಂದ ಕೂಡಲೇ ಗೊತ್ತಿದ್ದದ್ದೂ ಮರೆತು ಹೋಗ್ತಿತ್ತು.

ಆಗ ನೆನಪಾಯ್ತು. ಎಂಟನೇ ಕ್ಲಾಸಲ್ಲಿ ನಮಗೆ ಕೆಲವು ತಿಂಗಳು ಗಣಿತದ ಮೇಷ್ಟ್ರೇ ಇರಲಿಲ್ಲ. ಆ ಪಾಠಗಳು ಹಾರಿಹೋದವು. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿ ದಾಟಿದೆ, "ನನಗೆ ಮ್ಯಾಥ್ಸ್ ಬರಲ್ಲ" ಅಂತ ಹೇಳ್ಕೊಂಡು ಕಾಮರ್ಸ್ ತಗೊಂಡೆ. ನಿಜಕ್ಕೂ ನನಗೆ ಬರದೇ ಇದ್ದದ್ದು ಎಂಟನೇ ಕ್ಲಾಸಿನ ಎರಡು ಪಾಠ. ಅದನ್ನೇ ಹನ್ನೆರಡು ವರ್ಷ ನನ್ನ ಬುದ್ಧಿಯ ಮಿತಿ ಅಂದ್ಕೊಂಡಿದ್ದೆ.

ಆಟೋದಲ್ಲಿ ಸಿಕ್ಕ ಸಮೀಕರಣ

ಅಕ್ಷರದ ಭಯ ಹೋಗಿದ್ದು ಆಟೋದಲ್ಲಿ. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ದೂರಕ್ಕೆ 'ಕಿ' ಅಂತ ಹೆಸರಿಡೋಣ. 2 ಕಿ.ಮೀ. ದಾಟಿದ ಮೇಲೆ ಬಾಡಿಗೆ:

36 + 18(ಕಿ − 2)

ಬ್ರಾಕೆಟ್ ಬಿಡಿಸಿದರೆ 36 + 18ಕಿ − 36. ಎರಡು ಮೂವತ್ತಾರೂ ಹೊಡೆದು ಹೋಗಿ ಉಳಿಯೋದು ಬರೀ 18ಕಿ! ಅಂದರೆ ಮಿನಿಮಮ್ ದಾಟಿತೋ, ದೂರವನ್ನ 18ರಿಂದ ಗುಣಿಸಿದರೆ ಸಾಕು. ಐದು ಕಿಲೋಮೀಟರಿಗೆ 90. ಗ್ರಾಫ್ ಬರೆದರೆ ಎರಡು ಕಿಲೋಮೀಟರ್ ತನಕ ಸಮತಟ್ಟು ಗೆರೆ, ಆಮೇಲೆ ಏರೋ ಗೆರೆ. ಪುಸ್ತಕದಲ್ಲಿ ನನ್ನ ಹೆದರಿಸಿದ್ದ ತುಂಡು ತುಂಡಾದ ಫಂಕ್ಷನ್ ಅಂದರೆ ಇದೇ.

ಇನ್ನು ನಮ್ಮೂರ ಚೌಕಾಸಿ. "ಮೀಟರ್ ಮೇಲೆ ಇಪ್ಪತ್ತು ಕೊಡಿ ಮೇಡಂ" ಅಂದರೆ 18ಕಿ + 20. ಗೆರೆ ಇದ್ದ ಹಾಗೇ ಇಪ್ಪತ್ತು ಮೇಲೆ ಸರಿಯುತ್ತೆ, ಓರೆ ಬದಲಾಗಲ್ಲ. "ಒಂದೂವರೆ ಮೀಟರ್" ಅಂದರೆ 27ಕಿ. ಇಲ್ಲಿ ಗೆರೆಯೇ ಕಡಿದಾಗುತ್ತೆ. ಯಾವುದು ನಮಗೆ ಲಾಭ? ಎರಡನ್ನೂ ಸಮ ಮಾಡಿ: 27ಕಿ = 18ಕಿ + 20. ಹಾಗಾದರೆ 9ಕಿ = 20, ಕಿ ಸುಮಾರು 2.2. ಎರಡೂಕಾಲು ಕಿಲೋಮೀಟರಿಗಿಂತ ದೂರ ಹೋಗೋದಾದರೆ ಕಣ್ಣು ಮುಚ್ಚಿ "ಮೇಲೆ ಇಪ್ಪತ್ತು" ಒಪ್ಕೊಳಿ. ಐದು ಕಿಲೋಮೀಟರಿಗೆ ಅದು 110, ಒಂದೂವರೆಯಾದರೆ 135. ಎರಡು ರೇಖೆ ಸಂಧಿಸೋ ಬಿಂದು ಹುಡುಕೋದು ಅಂತ ಓದಿದ್ದು ಇದನ್ನೇ ಅಂತ ಆ ದಿನ ಹೊಳೀತು.

ಸಾಲ ಗೊತ್ತಿದ್ದರೆ ಮೈನಸ್ ಗೊತ್ತು

ಕನ್ನಡ ಮೀಡಿಯಂ ಪುಸ್ತಕದಲ್ಲಿ ನೆಗೆಟಿವ್ ಸಂಖ್ಯೆಗೆ 'ಋಣ' ಅಂತಾರೆ, ಪಾಸಿಟಿವ್‌ಗೆ 'ಧನ'. ಬ್ರಹ್ಮಗುಪ್ತ 628ರಲ್ಲಿ ನಿಯಮ ಬರೆದದ್ದೇ ಆಸ್ತಿ, ಸಾಲದ ಲೆಕ್ಕದಲ್ಲಿ. ಸಾಲವನ್ನ ಕಳೆದರೆ ಅದು ಆಸ್ತಿ. ಇಎಂಐ ಕಟ್ಟೋರಿಗೆ ಇದನ್ನ ಬಿಡಿಸಿ ಹೇಳಬೇಕಾ? 5 − (ಎಕ್ಸ್ − 3)ರಲ್ಲಿ ಮೂರು ರೂಪಾಯಿ ಸಾಲ ಮನ್ನಾ ಆಗಿದೆ, ಅದಕ್ಕೇ 8.

ಅಕ್ಷರವೂ ನಮಗೆ ಹೊರಗಿನದಲ್ಲ. ಹಳೇ ಭಾರತೀಯ ಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್', ಅಂದರೆ 'ಎಷ್ಟೋ ಅಷ್ಟು', ಅಂತ ಹೆಸರು. ಇನ್ನೂ ಬೇಕಾದರೆ ಕಾಲಕ, ನೀಲಕ ಅಂತ ಬಣ್ಣಗಳು. ಬರೆಯುವಾಗ ಮೊದಲಕ್ಷರ ಮಾತ್ರ: ಯಾ, ಕಾ, ನೀ. ನನ್ನ 'ಕಿ' ಅದೇ ಸಾಲಿಗೆ ಸೇರಿದ್ದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಅಂದರೆ ಒಂಬತ್ತನೇ ಶತಮಾನದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ, ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದ. ವರ್ಗ ಸಮೀಕರಣ ಬಿಡಿಸುವಾಗ ಮೂಲಚಿಹ್ನೆಯೊಳಗೆ ಮೈನಸ್ ಬಂದರೆ ನಾನೀಗ ಗಾಬರಿಯಾಗಲ್ಲ. ಗ್ರಾಫ್ ಅಡ್ಡ ಗೆರೆಯನ್ನ ಮುಟ್ಟೋದೇ ಇಲ್ಲ ಅಂತಷ್ಟೇ ಅರ್ಥ.

ನೀವೂ ಶುರು ಮಾಡೋದಾದರೆ

- ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡೀರಿ. ಎಂಟನೇ ಕ್ಲಾಸಿನ ಪುಸ್ತಕ ತೆಗೆಯೋಕೆ ನಾಚಿಕೆ ಬೇಡ. ರಾಜ್ಯ ಪಠ್ಯಪುಸ್ತಕಗಳ ಪಿಡಿಎಫ್ ಕನ್ನಡದಲ್ಲೂ ಇಂಗ್ಲಿಷಲ್ಲೂ ಉಚಿತ.
- ಅದಾದ ಮೇಲೆ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಗಣಿತ. ಗಣ, ಫಂಕ್ಷನ್, ಸರಳರೇಖೆ ಎಲ್ಲಾ ಅದರಲ್ಲಿದೆ. ಅದೂ ಉಚಿತ.
- ವಿಡಿಯೋ ನೋಡಿ ತಲೆಯಾಡಿಸಿದರೆ ಕಲಿತ ಹಾಗಲ್ಲ. ವಿಡಿಯೋ ನಿಲ್ಲಿಸಿ, ಪೆನ್ನು ಹಿಡಿದು, ಮುಂದಿನ ಹೆಜ್ಜೆ ನೀವೇ ಬರೀರಿ.
- ಉತ್ತರ ಬಂದ ಮೇಲೆ ಅಕ್ಷರದ ಜಾಗಕ್ಕೆ 1 ಅಥವಾ 2 ಹಾಕಿ ತಾಳೆ ನೋಡಿ. ಎಕ್ಸ್ 1 ಆದರೆ 5 − (1 − 3) ಅಂದರೆ 7. ನನ್ನ 2 − ಎಕ್ಸ್ ಕೊಡೋದು 1. ಈ ಹತ್ತು ಸೆಕೆಂಡಿನ ಕೆಲಸ ಮಾಡಿದ್ದರೆ ಆ ರಾತ್ರಿ ಪುಸ್ತಕವನ್ನ ಬೈತಿರಲಿಲ್ಲ.
- ಭಾನುವಾರ ಐದು ಗಂಟೆ ಓದೋದಕ್ಕಿಂತ ದಿನಾ ನಲವತ್ತು ನಿಮಿಷ ವಾಸಿ.

ಎರಡನೇ ಸಲ ಕ್ವಾಲಿಫೈಯರ್ ಆಯ್ತು. ಆವತ್ತು ಅಮ್ಮನಿಗೆ ಎರಡೂ ಹೇಳಿದೆ, ಮೊದಲ ಸಲ ಬಿದ್ದದ್ದು, ಈ ಸಲ ಎದ್ದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೇಷ್ಟ್ರು ಇಲ್ಲದಾಗ ನಾನೇ ಟ್ಯೂಷನ್‌ಗೆ ಕಳಿಸಬೇಕಿತ್ತು" ಅಂದರು. ಆಗ ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ ಅಂತ ಇಬ್ಬರಿಗೂ ಗೊತ್ತು.

ಕೋರ್ಸ್ ಇನ್ನೂ ಉದ್ದ ಇದೆ, ಕೆಲಸ ಬದಲಾಗುತ್ತೋ ಇಲ್ಲವೋ ನೋಡಬೇಕು. ಈಗ ಲಾಗರಿದಮ್ ನಡೀತಿದೆ. ಬ್ರಾಕೆಟ್ ಮುಂದೆ ಮೈನಸ್ ಕಂಡರೆ ಇವತ್ತಿಗೂ ಒಂದು ಕ್ಷಣ ಪೆನ್ನು ನಿಲ್ಲಿಸ್ತೀನಿ. ಇಬ್ಬರಿಗೂ ಕೊಟ್ಟೆನಾ ಅಂತ ನೋಡ್ಕೊಂಡು ಮುಂದೆ ಹೋಗ್ತೀನಿ.