ಗಟ್ಟಿ ಮೀನು ಏಕೆ ಸಾಯುತ್ತದೆ?

ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಏಳೆಂಟು ಗಪ್ಪಿ ಮೀನುಗಳನ್ನು ತಂದು, ತೊಳೆದು ಹೊಳೆಯುವ ಗಾಜಿನ ತೊಟ್ಟಿಗೆ ಬಿಡುತ್ತೀರಿ. ಎರಡು ದಿನ ಅವು ಲವಲವಿಕೆಯಿಂದ ಓಡಾಡುತ್ತವೆ. ವಾರ ಕಳೆಯುವುದರೊಳಗೆ ಒಂದೊಂದಾಗಿ ಸತ್ತು ತೇಲುತ್ತವೆ. ಹಾಗಾದರೆ 'ಗಪ್ಪಿ ಬಲು ಗಟ್ಟಿ ಮೀನು' ಎಂಬ ಮಾತು ಸುಳ್ಳೆ?

ಸುಳ್ಳಲ್ಲ. ಅದಕ್ಕೆ ತುಮಕೂರು ಜಿಲ್ಲೆಯಲ್ಲೇ ಸಾಕ್ಷಿ ಇದೆ. 2006ರಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ, ಸೊಳ್ಳೆಯ ಲಾರ್ವಗಳನ್ನು ತಿನ್ನಲೆಂದು ಸಂಶೋಧಕರು ಜಿಲ್ಲೆಯ ದೊಮ್ಮತಮರಿ ಮತ್ತು ಶ್ರೀನಿವಾಸಪುರ ಗ್ರಾಮಗಳ ಮನೆಯೊಳಗಿನ ಸಿಮೆಂಟು ತೊಟ್ಟಿಗಳಿಗೆ ಗಪ್ಪಿಯನ್ನು ಬಿಟ್ಟರು. ಕೋಲಾರ ಜಿಲ್ಲೆಯ ಒಂದು ಗ್ರಾಮದಲ್ಲಿ ಗ್ಯಾಂಬೂಸಿಯ ಮೀನನ್ನು ಬಿಟ್ಟರು. ತೊಟ್ಟಿಗಳಲ್ಲಿ ಗಪ್ಪಿಗಳ ಪೈಕಿ ಶೇಕಡ 86 ಬದುಕುಳಿದರೆ, ಗ್ಯಾಂಬೂಸಿಯ ಉಳಿದದ್ದು ಶೇಕಡ 16 ಮಾತ್ರ! ಆದರೆ ಬರಿಯ ಮೀನಿನಿಂದ ಸೊಳ್ಳೆ ಹತೋಟಿಗೆ ಬರಲಿಲ್ಲ. ಜನರಿಗೆ ತಿಳಿವಳಿಕೆ ನೀಡಿದಲ್ಲಿ ಫಲ ಚೆನ್ನಾಗಿತ್ತು.

ಸಿಮೆಂಟು ತೊಟ್ಟಿಯಲ್ಲಿ ಬದುಕುವ ಮೀನು ಗಾಜಿನ ತೊಟ್ಟಿಯಲ್ಲಿ ಏಕೆ ಸಾಯುತ್ತದೆ?

ಕಾಣದ ವಿಷ

ಮೀನು ತನ್ನ ದೇಹದ ಸಾರಜನಕ ತ್ಯಾಜ್ಯವನ್ನು ಬಹುಪಾಲು ಅಮೋನಿಯ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ವಿಷವಾಗಿರುತ್ತದೆ.

ಮನೆಬಳಕೆಯ ದೊಡ್ಡ ತೊಟ್ಟಿಯಲ್ಲಿ ಮೀನು ಕಡಮೆ, ನೀರು ಹೆಚ್ಚು. ಬಳಸಿದ ನೀರಿನ ಜಾಗಕ್ಕೆ ಹೊಸ ನೀರು ಬರುತ್ತದೆ. ಯಾರೂ ಹಿಡಿಗಟ್ಟಲೆ ಆಹಾರ ಸುರಿಯುವುದಿಲ್ಲ. ಅಲ್ಲದೆ ತೊಟ್ಟಿಯ ಗೋಡೆಯಲ್ಲಿ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ. ನೈಟ್ರೊಸೋಮೊನಾಸ್ ಮುಂತಾದವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹೀಮೊಗ್ಲೋಬಿನ್ ಆಕ್ಸಿಜನ್ ಒಯ್ಯದಂತೆ ಮಾಡುತ್ತದೆ. ನೈಟ್ರೊಸ್ಪೈರ ಮುಂತಾದ ಬ್ಯಾಕ್ಟೀರಿಯಗಳು ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಹೊಸ ಗಾಜಿನ ತೊಟ್ಟಿಯಲ್ಲಿ ಈ ಸೇವಕರು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರಲ್ಲಿ ಮರಳು, ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಕೆಲಸ ಮತ್ತೆ ಮೊದಲಿನಿಂದ!

ನಿಮ್ಮ ಊರಿನ ನೀರು

ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಿಗೆ ಕ್ಲೋರಿನ್ ಸೇರಿಸಿರುತ್ತಾರೆ. ಇದು ಕಿವಿರುಗಳಿಗೂ ಬ್ಯಾಕ್ಟೀರಿಯಗಳಿಗೂ ಹಾನಿಕರ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೊರಹೋಗುತ್ತದೆ.

ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ನಿಮ್ಮ ಮನೆಯದು ಕೊಳವೆಬಾವಿಯ ನೀರಾದರೆ, ಕಾಸಿದ ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟುತ್ತದೆಯೇ ನೋಡಿ. ಕಟ್ಟಿದರೆ ಅದು ಗಡಸು ನೀರು. ಗಪ್ಪಿಗೆ ಇದು ಒಗ್ಗುತ್ತದೆ. ಆದರೆ ಒಂದು ಎಚ್ಚರಿಕೆ: ಇಂತಹ ನೀರು ಸಾಮಾನ್ಯವಾಗಿ ಕ್ಷಾರೀಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಹೆಚ್ಚು ವಿಷಕರವಾದ ಅಯಾನೀಕರಿಸದ ರೂಪ ಶೇಕಡ 0.6ರಷ್ಟು, ಪಿಎಚ್ 8 ಆದರೆ ಶೇಕಡ 5ಕ್ಕೂ ಹೆಚ್ಚು. ಅಂದರೆ ಅಷ್ಟೇ ಕೊಳೆ, ಸುಮಾರು ಹತ್ತು ಪಟ್ಟು ವಿಷ! ಕೊಳವೆಬಾವಿಯ ನೀರಿನಲ್ಲಿ ಕರಗಿದ ಆಕ್ಸಿಜನ್ ಕಡಮೆ ಇರುವುದರಿಂದ ಅದನ್ನೂ ಒಂದು ದಿನ ತೆರೆದಿಡಿ.

ಸಾಕುವ ಕ್ರಮ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಗೆ 25 ಸೆಂ.ಮೀ. ಎತ್ತರ ನೀರು ತುಂಬಿದರೆ 45 ಲೀಟರ್ ಆಗುತ್ತದೆ. ಮೊದಲು ಎರಡು ಮೂರು ಗಪ್ಪಿ ಬಿಡಿ; ತಿಂಗಳ ಮೇಲೆ ಏಳೆಂಟಕ್ಕೆ ಏರಿಸಿ. ಬಿಡುವ ಮೊದಲು ಚೀಲವನ್ನು 15-20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ, ಉಷ್ಣತೆ ಸಮವಾಗಲಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಅಲ್ಲ. ಸ್ಪಂಜನ್ನು ಹೊರತೆಗೆದ ಆ ಹಳೆಯ ನೀರಿನಲ್ಲೇ ಹಿಂಡಿ.

ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿವೆಯೆ? ಆಕ್ಸಿಜನ್ ಸಾಲುತ್ತಿಲ್ಲದಿರಬಹುದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ತೊಟ್ಟಿಯನ್ನು ಬಿಸಿಲಿನಿಂದ ದೂರವಿಡಿ.

ಕೆರೆಗೆ ಬಿಡಬೇಡಿ

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯಾಣುಗಳನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಗಂಡಿಲ್ಲದೆಯೂ ಮತ್ತೆ ಮತ್ತೆ ಮರಿ ಹಾಕಬಲ್ಲುದು. ಸಂತತಿ ಬೇಡವಾದರೆ ಬಣ್ಣದ ಬಾಲದ ಗಂಡುಗಳನ್ನು ಮಾತ್ರ ಸಾಕಿ. ಹೆಚ್ಚಾದ ಮೀನನ್ನು ಸಾಕುವ ಗೆಳೆಯರಿಗೆ ಕೊಡಿ. ಜನಪದ ಹಾಡಿನಲ್ಲಿ ಹೊಗಳಿಸಿಕೊಂಡ ಕುಣಿಗಲ್ ದೊಡ್ಡಕೆರೆಗಾಗಲಿ, ಗುಬ್ಬಿ ಕೆರೆಗಾಗಲಿ ಸುರಿಯಬೇಡಿ. ಗಪ್ಪಿ ದಕ್ಷಿಣ ಅಮೆರಿಕ ಮೂಲದ್ದು. ಮನೆಯಲ್ಲಿ ನಾವು ಮೆಚ್ಚುವ ಗಟ್ಟಿತನವೇ ಕೆರೆಯಲ್ಲಿ ನಾಡಮೀನುಗಳ ಆಹಾರ, ಮರಿಗಳಿಗೆ ಕುತ್ತಾಗಬಹುದು.

ಮಾಡಿ ನೋಡಿ: ಮನೆಯ ಡ್ರಮ್ಮಿನಲ್ಲಿ ಸೊಳ್ಳೆಯ ಲಾರ್ವಗಳಿದ್ದರೆ ಇಪ್ಪತ್ತನ್ನು ಎಣಿಸಿ, ಒಂದು ಗಪ್ಪಿ ಇರುವ ಅಗಲ ಬಾಯಿಯ ಪಾತ್ರೆಗೆ ಹಾಕಿ, ಬಟ್ಟೆಯಿಂದ ಮುಚ್ಚಿ. ಗಂಟೆಗೊಮ್ಮೆ ಉಳಿದವನ್ನು ಎಣಿಸಿ ನಕ್ಷೆ ಬರೆಯಿರಿ. ಹೆಣ್ಣು ಹೆಚ್ಚು ತಿನ್ನುತ್ತದೆಯೋ, ಗಂಡೋ? ಉತ್ತರವನ್ನು ನಿಮ್ಮ ತರಗತಿಯೇ ಕಂಡುಕೊಳ್ಳಲಿ. ಮುಗಿದ ಮೇಲೆ ಮೀನನ್ನು ತೊಟ್ಟಿಗೆ ಮರಳಿಸಿ, ಡ್ರಮ್ಮನ್ನು ಉಜ್ಜಿ ಮುಚ್ಚಿಡಿ.